ನಾನೂರ ಮೂವತ್ತು ಅಕ್ಷರ

ರಿಬಂದರಿನ ದಕ್ಕೆಯಿಂದ ಏಳರ ಫೆರ್ರಿ.
ಐಸ್ ತುಂಬಿದ ಥರ್ಮೋಕೋಲ್ ಡಬ್ಬಿ ತೊಡೆಯ ಮೇಲೆ.
ಮೀನಿಗಾ? ಕೇಳುತ್ತಾಳೆ ಪಕ್ಕದವಳು, ದಿನಾ.
ಎಲೆಗೆ, ಎನ್ನುತ್ತೇನೆ. ದಿನಾ ನಗುತ್ತಾಳೆ.

ಆಚೆ ದಡ ಚೊಡಣ. ಕಾಯ್ತಾನನ ಖಾಜಣ ಗದ್ದೆ.
ಮಳೆ ಕೈಕೊಟ್ಟ ಸೆಪ್ಟೆಂಬರಿನ ಹುಣ್ಣಿಮೆಗೆ
ತೂಬಿನ ಹಲಗೆ ಮುರಿದು
ಮಾಂಡೋವಿ ಒಳಗೆ ಬಂದಿದ್ದಳು, ಕೇಳದೆ.
ಎರಡು ರಾತ್ರಿ ಪೈರಿನ ಮೊಣಕಾಲಿಗೆ ಉಪ್ಪುನೀರು.
ಸರಕಾರಿ ಚೀಲದ ತಳಿ
ಹುರಿದ ಹಪ್ಪಳದ ಬಣ್ಣಕ್ಕೆ ತಿರುಗಿ ಮಲಗಿತು.
ಕೊರ್ಗೂಟ್ ಮಾತ್ರ ನಿಂತಿತ್ತು
ಕರಿ ಮೀಸೆ ಬಿಟ್ಟುಕೊಂಡು,
ನಿವೃತ್ತ ಪೊಲೀಸಿನ ಹಾಗೆ.

ನನ್ನ ಕೆಲಸ ಅರೆಯುವುದು.
ದ್ರವ ಸಾರಜನಕ ಹೊಯ್ದು, ಹೊಗೆಯೇಳುವ ಕಲ್ಬತ್ತಿನಲ್ಲಿ
ಎಲೆಯನ್ನು ಹಸಿರು ಹಿಟ್ಟು ಮಾಡುವುದು.
ಶೇಂಗಾ ಚಟ್ನಿ ಕುಟ್ಟಿದ ರಟ್ಟೆ;
ಲೋಟ್ಲಿಕರ್ ಮೇಡಂ ನನ್ನನ್ನು ಆರಿಸಿದ್ದೇ ಇದನ್ನು ನೋಡಿ.
ಬೈನಾದ ಕನ್ನಡ ಶಾಲೆಯ ಮಾರ್ಕು ಆಮೇಲೆ ಕೇಳಿದರು.

ಜೆಲ್‌ನಲ್ಲಿ ಎಲ್ಲ ಗಿಡಗಳ ಗೆರೆಯೂ
ಬಸ್ಸಿಗೆ ನಿಂತವರಂತೆ ಒಂದೇ ಸಾಲು.
ಏಳನೆಯದು ಮಾತ್ರ ಸ್ವಲ್ಪ ಮೇಲೆ,
ಓಡಲಾರದೆ ಹಿಂದುಳಿದಿದೆ.
ಯಾರೋ ಒಳಗೆ ಸೇರಿಕೊಂಡು ಭಾರವಾಗಿದೆ.

ಹಳೆ ಬಿಲ್ಲಿನ ಹಿಂಬದಿಗೆ ಮೇಡಂ ಚಿತ್ರ ಬರೆದರು.
ನಾನೂರ ಮೂವತ್ತು ಅಕ್ಷರದ ತುಂಡು.
ತನ್ನದೆಂಬ ಮಾತಿಲ್ಲ, ಏನನ್ನೂ ಕಟ್ಟಲು ಬಾರದು,
ಜಿಗಿಯಲಿಕ್ಕೂ ಇನ್ನೊಬ್ಬರ ಕತ್ತರಿ ಎರವಲು.
ಇಂಥವನ್ನೆಲ್ಲ ಜೀವಕೋಶ ಬೀಗ ಹಾಕಿ ಕೂರಿಸಿರುತ್ತದಂತೆ,
ಬೀಗದ ಮೇಲೆ ಬೀಗ.
ಎಂದೋ, ಯಾವ ನೆರೆಯಲ್ಲೋ, ಯಾರ ಮುತ್ತಜ್ಜನ ಗದ್ದೆಯಲ್ಲೋ
ಕಾವಲು ಸಡಿಲಿದಾಗ ಇದು ಹಾರಿ
ಒಂದು ವಂಶವಾಹಿಯ ಹೊಸ್ತಿಲಲ್ಲಿ ಬಿದ್ದಿದೆ.
ಹೊಸ್ತಿಲಲ್ಲಿ. ನಡುಮನೆಗೆ ಬಿದ್ದಿದ್ದರೆ ಮನೆ ಹಾಳು.

ಕುಂಡಗಳಲ್ಲಿ ಬೆಳೆಸಿ ನೋಡಿದೆವು.
ಸಿಹಿನೀರಿಗೆ ಆ ವಂಶವಾಹಿ ತುಟಿ ಬಿಚ್ಚಲಿಲ್ಲ.
ಉಪ್ಪುನೀರು ಹೊಯ್ದು ಮೂರು ತಾಸು:
ಉಳಿದ ಗಿಡಗಳಲ್ಲಿ ಅದು ಗೊಣಗಿತು,
ಏಳನೆಯದರಲ್ಲಿ
ಬೀದಿನಲ್ಲಿಯ ಜಗಳದಷ್ಟು ಜೋರು.

ಹಾಗಾದರೆ ಗದ್ದೆ ಉಳಿಸಿದ್ದು ಇದೇನಾ? ಕೇಳಿದೆ.
ಮೇಡಂ ಕನ್ನಡಕ ತೆಗೆದು ಸೀರೆಯ ಸೆರಗಿಗೆ ಒರೆಸಿದರು.
ಕತೆ ಕಟ್ಟಬೇಡ, ಶಾಂತವ್ವ. ಅದಕ್ಕೆ ಉದ್ದೇಶವಿಲ್ಲ.
ತಪ್ಪು ಕಡೆ ಬಿದ್ದು ಕೆಟ್ಟ ಗಿಡದ ಕಾಳನ್ನು
ಯಾವ ರೈತನೂ ಬಿತ್ತನೆಗೆ ಎತ್ತಿಡಲಿಲ್ಲ, ಅಷ್ಟೆ.

ಕತೆ ಕಟ್ಟುವುದಿಲ್ಲ. ನಡೆದದ್ದು ಹೇಳುತ್ತೇನೆ.
ಗುರುವಾರ, ಕೈಗವಸಿನ ತೂತಿನಿಂದ
ಸಾರಜನಕದ ಹನಿ ಇಳಿದು ಬೆರಳು ಸುಟ್ಟಿತು.
ಫೆರ್ರಿಯಲ್ಲಿ, ಮೀನುಕಟ್ಟೆಯಲ್ಲಿ, ಗಂಡನ ಜೊತೆ ಕೂಡ
ಕೊಂಕಣಿಯನ್ನೇ ಆಡುವ ಬಾಯಿ ಇದು;
ಕೂಗಿದ್ದು ಮಾತ್ರ
ಯವ್ವಾ, ಸುಡತೈತಿ ಬೇ!
ಕಾರಿಡಾರಿನ ತುದಿಯವರೆಗೂ ಕೇಳಿತಂತೆ.

ಗದಗಿನಿಂದ ಗಾರೆ ಹೊರಲು ಬಂದ ಅವ್ವ
ವಾಸ್ಕೋದಲ್ಲೇ ತೀರಿ ಒಂಬತ್ತು ವರ್ಷ.
ಆ 'ಬೇ' ಆಮೇಲೆ ನಾನು ಆಡಿದ ನೆನಪಿಲ್ಲ.
ಎಲ್ಲಿ ಕೂತಿತ್ತೋ.

ಏಳನೇ ಗಿಡದ ಸುದ್ದಿ ಹೇಳಲು ಹೋದರೆ ಕಾಯ್ತಾನ್
ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದ:
ತೂಬಿನ ಹಲಗೆಗೆ ದುಡ್ಡು ಯಾರು ಕೊಡುತ್ತಾರೆ?
ನನ್ನಲ್ಲಿ ಉತ್ತರವಿರಲಿಲ್ಲ.
ಉಂಡು ಹೋಗು ಎಂದ. ಕೆಂಪಕ್ಕಿಯ ಗಂಜಿ,
ಸುಟ್ಟ ಒಣ ಬಂಗುಡೆ.
ಗಂಜಿಗೆ ಉಪ್ಪು ಸಾಲದು ಅಂದೆ.
ಭರಣಿಯನ್ನೇ ನನ್ನ ಕಡೆ ತಳ್ಳಿದ.

ಪಟ್ಟಿ ಬಿಚ್ಚಿದ ಬೆರಳು ಅದರೊಳಗೆ ಇಳಿದು
ಚುರ್ರೆಂದಿತು.
ಉಸಿರು ಹಿಡಿದು ಕೂತೆ,
ಈ ಸಲ ಏನು ಬರುತ್ತದೋ ನೋಡೋಣವೆಂದು.